ದಾರ ಸುತ್ತಿದ ಖಾಲಿ ರೀಲು

ನನ್ನ ತಲೆಗೆ ಒಂದು ವಿಷಯ ಹೊಕ್ಕರೆ ಮುಗೀತು, ಅದು ಹೊರಬೀಳುವ ತನಕ ನನಗೂ ನಿದ್ದೆ ಇಲ್ಲ, ಮನೆಯವರಿಗೂ ನೆಮ್ಮದಿ ಇಲ್ಲ. ಅವ್ವ ಇದಕ್ಕೆ ಹುಳ ಹೊಕ್ಕಿತು ಅನ್ನುತ್ತಾಳೆ. ಆಳಂದದ ನಮ್ಮ ಮನೆಯಲ್ಲಿ ಇರುವುದು ನಾವಿಬ್ಬರೇ ಆದ್ದರಿಂದ ನನ್ನ ಹುಳಗಳ ಕಾಟವೆಲ್ಲ ಅವಳ ಪಾಲಿಗೆ. ಹೋದ ದಸರೆಯಲ್ಲಿ ಹೊಕ್ಕ ಹುಳ ಮಾತ್ರ ಅವಳನ್ನೂ ಬಿಡದೆ ಅಫಜಲಪುರ, ಜೇವರ್ಗಿ ಎಂದು ಓಡಾಡಿಸಿತು.

ಅಫಜಲಪುರದಲ್ಲಿ ದೊಡ್ಡವ್ವನ ಮನೆ. ಅವ್ವನ ಅಕ್ಕ ಆಕೆ. ಖಂಡೆ ಪೂಜೆಯ ದಿನ ಆಕೆಯ ದೇವರ ಜಗಲಿಯ ಮುಂದೆ ಕುಡಗೋಲು, ಕೊಡಲಿ, ತಕ್ಕಡಿ, ಟ್ರ್ಯಾಕ್ಟರಿನ ಪಾನಾ, ಎಲ್ಲ ಸಾಲಾಗಿ ಕೂರುತ್ತವೆ. ನಾನು ನರೋಣಾದ ಶಾಲೆಯಲ್ಲಿ ವಿಜ್ಞಾನ ಕಲಿಸುವವಳು, ರಜೆ ಸಿಕ್ಕಿತ್ತು, ಅವ್ವನನ್ನು ಕರೆದುಕೊಂಡು ಹೋಗಿದ್ದೆ. ದೊಡ್ಡವ್ವ ಒಂದೊಂದೇ ಸಾಮಾನಿಗೆ ವಿಭೂತಿ ಹಚ್ಚುತ್ತ ಬಂದು ಕೊನೆಗೆ ಜಗಲಿಯ ಮೇಲಿನ ಗೂಡಿನಿಂದ ಒಂದು ಕಪ್ಪು ಡಬ್ಬಿ ಇಳಿಸಿದಳು. ಅದರ ಮುಖಕ್ಕೂ ಅಡ್ಡಲಾಗಿ ಮೂರು ಬೆರಳು ಎಳೆದು ಕೈ ಮುಗಿದಳು. ಅದು ನಮ್ಮ ಮುತ್ಯಾನ, ಅಂದರೆ ಅವ್ವನ ಅಪ್ಪನ ಕ್ಯಾಮೆರಾ.

ಚಿಕ್ಕಂದಿನಿಂದ ಪ್ರತಿ ದಸರೆಗೂ ನೋಡಿದ್ದೆ, ಆದರೆ ಕುಡಗೋಲಿನ ಪಕ್ಕದ ಇನ್ನೊಂದು ಸಾಮಾನು ಎಂದಷ್ಟೇ ನೋಡಿದ್ದೆ. ಆವತ್ತು ಯಾಕೋ ಕೈ ಸುಮ್ಮನಿರಲಿಲ್ಲ. ಕೈ ತೊಳೆದು ಮುಟ್ಟು ಎಂದು ದೊಡ್ಡವ್ವ ಗದರಿದಳು. ತೊಳೆದು ಬಂದು ಹಿಂದಿನ ಬಾಗಿಲು ತೆಗೆದೆ. ಒಳಗೆ ಒಂದು ತಗಡಿನ ಪಟ್ಟಿ, ಅದರ ಮೇಲೆ 620 ನಂಬರಿನ ಫಿಲ್ಮು ಹಾಕಿರಿ ಎಂದು ಇಂಗ್ಲಿಷಿನಲ್ಲಿ ಕೊರೆದಿತ್ತು. ಡಬ್ಬಿಯ ಒಳಗೇ ಮೇಲ್ಭಾಗದಲ್ಲಿ ತೆಳ್ಳಗಿನ ಒಂದು ಖಾಲಿ ತಗಡಿನ ರೀಲು. ಕೀಲಿ ತಿರುವಿದೆ, ರೀಲು ತಿರುಗಿತು. ಪಕ್ಕದ ಕಡ್ಡಿ ಒತ್ತಿದೆ, ಟಕ್ ಎಂದಿತು. ಇಷ್ಟು ವರ್ಷ ಸತ್ತಿದೆ ಎಂದು ನಾವೆಲ್ಲ ಪೂಜೆ ಮಾಡಿಕೊಂಡು ಬಂದಿದ್ದ ಸಾಮಾನು ನನ್ನ ಕೈಯಲ್ಲಿ ಉಸಿರಾಡುತ್ತಿತ್ತು. ಖುಷಿಗೆ ನನ್ನ ಕಿವಿ ಬಿಸಿಯಾದವು. ಮುಂದಿನ ಗಾಜು ಮಾತ್ರ ಬೆಳ್ಳಗೆ ಮಂಕಾಗಿತ್ತು. ದೊಡ್ಡವ್ವನ ಕಣ್ಣಿಗೆ ಪೊರೆ ಬಂದ ಹಾಗೆ ಇದಕ್ಕೂ ವಯಸ್ಸಾಗಿರಬೇಕು ಎಂದುಕೊಂಡು ಸುಮ್ಮನಾದೆ.

ಇದರಲ್ಲಿ ನಿಮ್ಮ ಮೂವರು ಅಕ್ಕತಂಗಿಯರ ಫೋಟೋ ತೆಗೆಯುತ್ತೇನೆ ಎಂದು ಅಲ್ಲೇ, ಜಗಲಿಯ ಮುಂದೆಯೇ, ದೊಡ್ಡದಾಗಿ ಸಾರಿಬಿಟ್ಟೆ. ಅವ್ವ ನನ್ನ ತೊಡೆಗೆ ಚಿವುಟಿದಳು. ದೊಡ್ಡವ್ವ ಡಬ್ಬಿಯನ್ನು ನನ್ನ ಕೈಯಿಂದ ತೆಗೆದುಕೊಂಡು ಗೂಡಿಗೆ ಏರಿಸಿದಳು.

ಚಿವುಟಿದ್ದಕ್ಕೆ ಕಾರಣ ಇತ್ತು. ಮೂವರಲ್ಲಿ ಕಡೆಯವಳು ಜೇವರ್ಗಿಯ ಚಿಕ್ಕವ್ವ. ಮುತ್ಯಾ ತೀರಿಕೊಂಡ ಮೇಲೆ ಈ ಕ್ಯಾಮೆರಾ ತನಗೆ ಬೇಕು ಎಂದು ಆಕೆ ಕೇಳಿದ್ದಳು. ಹಿರಿಯ ಮಗಳು ನಾನು, ಪೂಜೆಗೆ ಇಡುತ್ತೇನೆ ಎಂದು ದೊಡ್ಡವ್ವ ತಂದುಬಿಟ್ಟಳು. ಅಷ್ಟೇ. ಹೊಲ ಮನೆಗೆ ಜಗಳ ಆಡದವರು ಒಂದು ಕಪ್ಪು ಡಬ್ಬಿಗೆ ಮಾತು ಬಿಟ್ಟರು. ಮದುವೆ ಮುಂಜಿಗಳಲ್ಲಿ ಎದುರಾದರೆ ಒಬ್ಬಳು ಅಡುಗೆ ಮನೆಗೆ ಹೋಗುತ್ತಾಳೆ, ಇನ್ನೊಬ್ಬಳು ಪಡಸಾಲೆಯಲ್ಲಿ ಉಳಿಯುತ್ತಾಳೆ. ನಮ್ಮ ಮನೆತನದ ಯಾವ ಮದುವೆಯ ಆಲ್ಬಮ್ಮು ತೆಗೆದರೂ ಇಬ್ಬರೂ ಸಾಲಿನ ಎರಡು ತುದಿಗೆ ನಿಂತಿರುತ್ತಾರೆ, ನಡುವೆ ನಮ್ಮವ್ವ ಕಂಬದ ಹಾಗೆ. ಮೂವರಿಗೂ ಈಗ ಮೊಣಕಾಲು ನೋವು, ಮೂವರಿಗೂ ಸಕ್ಕರೆ ಕಾಯಿಲೆ. ಮೂವರೂ ಇರುವಾಗಲೇ, ಆ ಕ್ಯಾಮೆರಾದಲ್ಲೇ, ಒಂದೇ ಚೌಕಟ್ಟಿನೊಳಗೆ ಒಬ್ಬರಿಗೊಬ್ಬರು ಹತ್ತಿ ನಿಂತ ಒಂದು ಫೋಟೋ. ನನಗೆ ಬೇಕಾಗಿದ್ದು ಅದು. ಬೇಕು ಅಂದರೆ ಬೇಕೇ.

ಆಳಂದಕ್ಕೆ ಬಂದವಳೇ ಬಜಾರಿನ ಹಳೇ ಸ್ಟುಡಿಯೋದ ಚಾಚಾನ ಹತ್ತಿರ ಓಡಿದೆ. ಸ್ಟುಡಿಯೋ ಮುಚ್ಚಿ ಎಷ್ಟೋ ಕಾಲವಾಗಿದೆ, ಆ ಜಾಗದಲ್ಲಿ ಈಗ ಅವರ ಮಗನ ಮೊಬೈಲ್ ಅಂಗಡಿ ಇದೆ. ಚಾಚಾ ಮೂಲೆಯ ಕುರ್ಚಿಯಲ್ಲಿ ಕೂತು ಹೋಗಿಬರುವವರನ್ನು ನೋಡುತ್ತಿರುತ್ತಾರೆ. 620 ಎಂದದ್ದೇ ತಡ, ಅವರ ಕಣ್ಣು ಹೊಳೆದವು. ತೀರಿಹೋದ ನೆಂಟರ ಹೆಸರು ಹೇಳುವ ಹಾಗೆ ಒಂದೊಂದೇ ನಂಬರು ಹೇಳಿದರು. 127 ಹೋಯಿತು, 116 ಹೋಯಿತು, ಡಬ್ಬಿಯೊಳಗೇ ಬರುತ್ತಿದ್ದ 126 ಹೋಯಿತು, ಬೆರಳಷ್ಟು ಚಿಕ್ಕ 110 ಬಂದಷ್ಟೇ ಬೇಗ ಹೋಯಿತು.

"ನಿನ್ನ 620 ಸುದಾ ಖತಂ ಆಗಿ ಜಮಾನಾ ಆಯ್ತು ಬೇಟಿ," ಎಂದರು. "ಆದ್ರ 120 ಇನ್ನಾ ಸಿಗತದ. ಫಿಲ್ಮ್ ಎರಡೂ ಒಂದೇ. ಅದನ್ನ ಸುತ್ತೋ ರೀಲ್ ಅಷ್ಟೇ ಬ್ಯಾರೆ."

ಅಷ್ಟೇ ಬೇರೆ. ಈ ಮಾತು ಕೇಳಿ ನಾನು ಅಂಗಡಿಯಲ್ಲೇ ಕುಣಿಯುವುದೊಂದು ಬಾಕಿ. ಅಗಲ ಅದೇ, ಉದ್ದ ಅದೇ, ಬೆನ್ನಿಗಿರುವ ಕಪ್ಪು ಕಾಗದ, ಅದರ ಮೇಲಿನ ನಂಬರು ಎಲ್ಲ ಅದೇ. ಒಂದರ ರೀಲು ದಪ್ಪ, ಇನ್ನೊಂದರದು ತೆಳ್ಳಗೆ. ಮನೆಗೆ ಬಂದು ಮೊಬೈಲಿನಲ್ಲೇ ಒಂದು 120 ಫಿಲ್ಮಿಗೆ ಆರ್ಡರ್ ಹಾಕಿದೆ. ಅದು ಬಂದ ದಿನ ಶಾಲೆಯಿಂದ ಬಂದವಳು ಚಪ್ಪಲಿ ಸಹ ಬಿಡದೆ ಪೊಟ್ಟಣ ಒಡೆದೆ. ಮುಂದಿನ ರವಿವಾರ ಅಫಜಲಪುರಕ್ಕೆ ಹೋಗಿ ಕ್ಯಾಮೆರಾದೊಳಗೆ ತುರುಕಿ ನೋಡಿದೆ. ಕೂದಲೆಳೆಯಷ್ಟು ಹೆಚ್ಚು, ಕೂರಲಿಲ್ಲ. ಉಗುರು ಕತ್ತರಿಯಿಂದ ರೀಲಿನ ಅಂಚು ಕತ್ತರಿಸುತ್ತ ಕೂತೆ. ಆಗ ಕೂತಿತು, ಆದರೆ ತಿರುಗಲಿಲ್ಲ. ಸಿಟ್ಟಿಗೆ ಉಗುರು ಕತ್ತರಿಯನ್ನು ಅಂಗಳಕ್ಕೆ ಎಸೆದೆ. ದೊಡ್ಡವ್ವ ಅದನ್ನು ಹುಡುಕಿ ತಂದು ನನ್ನ ಮುಂದಿಟ್ಟಳು.

ಕೊನೆಗೆ ಯಾವುದೋ ದೇಶದ ಗಡ್ಡದವನೊಬ್ಬ ವಿಡಿಯೋದಲ್ಲಿ ದಾರಿ ತೋರಿಸಿದ. ಕತ್ತಲಲ್ಲಿ 120ರ ಫಿಲ್ಮನ್ನು ಬಿಚ್ಚಿ ಒಂದು 620 ರೀಲಿಗೆ ಸುತ್ತಬೇಕು. ಆಗ ಅದರ ತಲೆ ಒಳಗಾಗಿ ಬಾಲ ಹೊರಗಾಗುತ್ತದೆ. ಅದನ್ನು ಮತ್ತೆ ಇನ್ನೊಂದು 620 ರೀಲಿಗೆ ಸುತ್ತಿದರೆ ಎಲ್ಲ ನೆಟ್ಟಗೆ. ಖಾಲಿಯಾದ ಮೊದಲನೆಯದು ಕ್ಯಾಮೆರಾದ ಆ ಕಡೆಗೆ, ತುಂಬಿದ್ದು ಈ ಕಡೆಗೆ. ಅಂದರೆ ರೀಲು ಎರಡು ಬೇಕು. ನಮ್ಮಲ್ಲಿ ಇರುವುದು ಒಂದು. ಚಾಚಾನನ್ನು ಕೇಳಿದರೆ ಹಣೆ ಬಡಿದುಕೊಂಡರು. ತೊಳೆಯಲು ಬಂದ ಫಿಲ್ಮಿನ ಖಾಲಿ ರೀಲುಗಳನ್ನೆಲ್ಲ ಅವರು ಓಣಿಯ ಹುಡುಗರಿಗೆ ಬಂಡಿಯ ಗಾಲಿ ಮಾಡಿಕೊಳ್ಳಲು ಕೊಟ್ಟುಬಿಡುತ್ತಿದ್ದರಂತೆ. ನಿನ್ನ ಮುತ್ಯಾ ಒಬ್ಬನೇ ಜಗಳ ಮಾಡಿ ರೀಲು ವಾಪಸ್ ಒಯ್ಯುತ್ತಿದ್ದ ಎಂದರು.

ಒಯ್ದು ಏನು ಮಾಡುತ್ತಿದ್ದ ಎಂದು ಆ ಸಂಜೆ ಅವ್ವನನ್ನು ಹಿಡಿದು ಕೂರಿಸಿ ಕೇಳಿದೆ. ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ ಹೇಳಿದಳು. ಮುತ್ಯಾ ಹತ್ತಿ ಮಾರಲು ಸೊಲ್ಲಾಪುರಕ್ಕೆ ಹೋದಾಗ ಈ ಕ್ಯಾಮೆರಾ ತಂದಿದ್ದ. ಹಬ್ಬಕ್ಕೊಂದು ಫೋಟೋ. ಗಾಜಿಗೆ ಹಾ ಎಂದು ಉಸಿರು ಬಿಟ್ಟು, ಧೋತರದ ಚುಂಗಿನಿಂದ ಒರೆಸಿ, ಆಮೇಲೆ ಎಲ್ಲರನ್ನೂ ನಿಲ್ಲಿಸುತ್ತಿದ್ದ. ಒಂದೊಂದು ಸಲ ಹಿರಿಯ ಮಗಳಿಗೆ ಕಡ್ಡಿ ಒತ್ತಲು ಕೊಡುತ್ತಿದ್ದ. ಕಿರಿಯವಳು ತಾನೂ ಒತ್ತುತ್ತೇನೆಂದು ಅಳುತ್ತಿದ್ದಳು. ಕೈ ಅಲುಗಿದರೆ ಫಿಲ್ಮು ಹಾಳು, ಬೇಡ ಎನ್ನುತ್ತಿದ್ದ. ಅಳು ನಿಲ್ಲಿಸಲು ಖಾಲಿ ರೀಲು ಆಕೆಯ ಕೈಗೆ. ಆಕೆ ಅವಕ್ಕೆ ದಾರ ಸುತ್ತಿಕೊಳ್ಳುತ್ತಿದ್ದಳು.

ನಾನು ಎದ್ದು ನಿಂತೆ. ಈಗಲೇ ಜೇವರ್ಗಿಗೆ ಹೋಗೋಣ ಎಂದೆ. ಒಲೆಯ ಮೇಲೆ ರೊಟ್ಟಿ ಅದ, ಕೂತ್ಕೋ ಎಂದಳು ಅವ್ವ.

ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟಿದ್ದೇ ಕಲಬುರಗಿಯ ಮೇಲಿಂದ ಜೇವರ್ಗಿಯ ಬಸ್ಸು ಹಿಡಿದೆವು. ಚಿಕ್ಕವ್ವ ಕಟ್ಟೆಯ ಮೇಲೆ ಕಾಲು ಚಾಚಿ ಹಳೇ ಸೀರೆಗಳ ಕೌದಿ ಹೊಲಿಯುತ್ತಿದ್ದಳು. ಅವಳ ಕೌದಿಗೆ ಓಣಿಯಲ್ಲೆಲ್ಲ ಹೆಸರು, ಹೊಲಿಗೆ ಇರುವೆ ಸಾಲಿನ ಹಾಗೆ ಹೋಗುತ್ತದೆ. ಪಕ್ಕದಲ್ಲಿ ದಾರದ ತಗಡಿನ ಡಬ್ಬಿ. ಚಹಾ ಬರುವಷ್ಟು ಸಹ ನನಗೆ ತಾಳ್ಮೆ ಇರಲಿಲ್ಲ. ಡಬ್ಬಿಯನ್ನು ಮಡಿಲಿಗೆ ಎಳೆದುಕೊಂಡು ಕೈ ಹಾಕಿದೆ. ಗುಂಡಿ, ಸೂಜಿ, ಮೇಣದ ತುಂಡು, ಮರದ ರೀಲು, ಪ್ಲಾಸ್ಟಿಕ್ ರೀಲು. ತಳದಲ್ಲಿ ಬೆರಳಿಗೆ ತಣ್ಣಗಿನ ತಗಡು ತಾಗಿತು. ತೆಗೆದೆ. ಕೆಂಪು ದಾರ ತುಂಬ ಸುತ್ತಿಕೊಂಡಿತ್ತು, ಎರಡೂ ಕಡೆ ತೆಳ್ಳಗಿನ ಕಪ್ಪು ಬಿಲ್ಲೆ, ನಡುವೆ ಕೀಲಿಯ ಕಿಂಡಿ. ನನ್ನ ಗಂಟಲಿನಿಂದ ಎಂಥ ಕೂಗು ಹೊರಟಿತೆಂದರೆ ಎದುರಿನ ಮನೆಯವರು ಹಾವು ಬಂತೇನ್ರಿ ಎಂದು ಹೊರಗೆ ಬಂದರು.

ಯಾತಕ್ಕೆ ಬೇಕು ಎಂದು ಚಿಕ್ಕವ್ವ ಕೇಳಿದಳು. ಹೇಳಿದೆ. ಆಕೆ ಸೂಜಿಯನ್ನು ಕೌದಿಗೆ ಚುಚ್ಚಿ ಇಟ್ಟಳು. ರೀಲನ್ನು ಬೆರಳಲ್ಲಿ ತಿರುಗಿಸುತ್ತ ಕೂತಳು.

"ಕೊಡ್ತೇನಿ," ಎಂದಳು ಕೊನೆಗೆ. "ಆದ್ರ ನಿನ್ನ ಕೈಯಾಗ ಕೊಟ್ಟು ಕಳಸಂಗಿಲ್ಲ. ನಾನೇ ತರ್ತೇನಿ. ಬಾ ಅಂತ ಆಕಿ ಬಾಯಿಲೆ ಅನ್ಲಿ."

ಅಲ್ಲಿಂದಲೇ ಅಫಜಲಪುರಕ್ಕೆ ಫೋನು ಹಚ್ಚಿ ಸ್ಪೀಕರ್ ಹಾಕಿದೆ. ವಿಷಯ ಹೇಳಿದೆ. ಆ ಕಡೆಯಿಂದ ದೊಡ್ಡವ್ವ ಹೇಳಿದಳು.

"ಬರ್ಲಿ. ಬರಬ್ಯಾಡ ಅಂತ ನಾ ಯಾವಾಗ ಅಂದೇನಿ? ಆಕಿಗಿ ಮಾದ್ಲಿ ಸೇರ್ತಿತ್ತು. ಈಗೂ ಸೇರ್ತದೇನ ಕೇಳು."

ಚಿಕ್ಕವ್ವ ಫೋನಿನ ಕಡೆ ನೋಡದೆ, ಸಕ್ಕರೆ ಕಾಯಿಲೆ ಅದ, ಮಾದ್ಲಿಗಿ ಬೆಲ್ಲ ಕಡಿಮೆ ಹಾಕ್ಲಿ ಎಂದು ನನಗೆ ಹೇಳಿದಳು.

ಮುಂದಿನ ರವಿವಾರ ಮೂವರೂ ಅಫಜಲಪುರದ ಒಂದೇ ಸೂರಿನ ಕೆಳಗೆ. ನನ್ನ ಕೈಕಾಲಿಗೆ ಚಕ್ರ ಕಟ್ಟಿದಂತಾಗಿತ್ತು. ಚಿಕ್ಕವ್ವ ಪಡಸಾಲೆಯಲ್ಲಿ ಕೂತು ಕೆಂಪು ದಾರವನ್ನು ರೀಲಿನಿಂದ ಬಿಚ್ಚಿ ಒಂದು ಕಾಗದದ ಸುರುಳಿಗೆ ಸುತ್ತಿದಳು. ದೊಡ್ಡವ್ವ ಅಡುಗೆ ಮನೆಯ ಬಾಗಿಲಲ್ಲಿ ನಿಂತು ನೋಡಿದಳು. ನಾನು ಒಳಗಿನ ಕೋಣೆ ಸೇರಿದೆ. ಜೋಳದ ಚೀಲ ಇಡುವ ಆ ಕೋಣೆಗೆ ಕಿಟಕಿ ಇಲ್ಲ, ಆದರೆ ಹಂಚಿನ ಸಂದಿಯಿಂದ ಬೆಳಕು ಇಣುಕುತ್ತಿತ್ತು. ಫಿಲ್ಮಿಗೆ ಅಷ್ಟು ಬೆಳಕು ಬಿದ್ದರೂ ಕಥೆ ಮುಗೀತು. ಅದಕ್ಕೆ ಮನೆಯಲ್ಲಿದ್ದ ಕೌದಿಗಳನ್ನೆಲ್ಲ ತರಿಸಿದೆ. ಚಿಕ್ಕವ್ವ ತಾನು ಹೊದ್ದು ಮಲಗಲು ತಂದಿದ್ದ ಕೌದಿಯನ್ನೂ ಕೊಟ್ಟಳು. ನಾನು ಫಿಲ್ಮು, ರೀಲುಗಳ ಸಮೇತ ಅವುಗಳ ಕೆಳಗೆ ಕೂತೆ. ಅಂಚು ಮೇಲೇಳದ ಹಾಗೆ ಹಿಡಿಯಲು ಆ ಕಡೆ ದೊಡ್ಡವ್ವ, ಈ ಕಡೆ ಚಿಕ್ಕವ್ವ, ಬೆನ್ನ ಹಿಂದೆ ಅವ್ವ.

ಒಳಗೆ ಕಗ್ಗತ್ತಲು, ಸೆಖೆ, ಹಳೇ ಬಟ್ಟೆಯ ವಾಸನೆ. ಬೆವರು ಮೂಗಿನ ತುದಿಯಿಂದ ಹನಿಯುತ್ತಿತ್ತು. ಎಷ್ಟೋ ದಿನ ಕ್ಯಾಲೆಂಡರಿನ ಕಾಗದ ಕತ್ತರಿಸಿ ಕಣ್ಣು ಮುಚ್ಚಿ ಸುತ್ತಿ ಅಭ್ಯಾಸ ಮಾಡಿದ್ದೆ. ಆದರೂ ನಿಜವಾದ ಫಿಲ್ಮು ಕೈಗೆ ಬಂದಾಗ ಅದು ಪುಟಿಯುತ್ತದೆ, ಜಾರುತ್ತದೆ, ನಡುವೆ ಉಬ್ಬುತ್ತದೆ. ಅಂಟಿಸಿದ ತುದಿ ಬಿಡಿಸಿ ಮತ್ತೆ ನೆಟ್ಟಗೆ ಅಂಟಿಸಬೇಕು. ಆ ಹೊತ್ತಿಗೇ ನನ್ನ ತಲೆಯ ಮೇಲಿಂದ ದೊಡ್ಡವ್ವನ ದನಿ ಬಂತು.

"ಆ ಕಡಿ ಎತ್ತಬ್ಯಾಡ. ಬೆಳಕ ಹೋಗ್ತದ."

"ನಾ ಎಲ್ಲಿ ಎತ್ತೇನಿ," ಎಂದಳು ಚಿಕ್ಕವ್ವ.

ನನ್ನ ಕೈ ನಿಂತಿತು. ನಾನು ದೊಡ್ಡವಳಾಗುವಷ್ಟು ಕಾಲದಲ್ಲಿ ಇಬ್ಬರೂ ಆಡಿಕೊಂಡ ಮೊದಲ ಮಾತು, ನಾನು ಕೇಳಿದ್ದು ಕೌದಿಯ ಕೆಳಗೆ ಕೂತು. ಆಮೇಲೆ ದೊಡ್ಡವ್ವ ಮೆಲ್ಲಗೆ ಕೇಳಿದಳು.

"ಇದು ಅವ್ವನ ಇಳಕಲ್ ಸೀರಿ ಅಲ್ಲೇನ?"

"ಹೌದು. ಸೆರಗಿಂದು."

ಅಷ್ಟೇ. ಮೂವರ ತಾಯಿ ಉಟ್ಟ ಸೀರೆ ಚಿಕ್ಕವ್ವನ ಕೌದಿಯೊಳಗೆ ಸೇರಿಕೊಂಡಿತ್ತು. ನನಗೆ ಒಳಗೆ ಉಸಿರು ಕಟ್ಟುತ್ತಿತ್ತು, ಹೊರಗೆ ಬರಲು ಮಾತ್ರ ಮನಸ್ಸಿರಲಿಲ್ಲ. ಬೇಕೆಂದೇ ನಿಧಾನವಾಗಿ ಸುತ್ತಿದೆ.

ಊಟ ಆದ ಮೇಲೆ ಅಂಗಳದ ಬಿಸಿಲಲ್ಲಿ ಮೂವರನ್ನೂ ನಿಲ್ಲಿಸಿದೆ. ಈ ಕ್ಯಾಮೆರಾವನ್ನು ಹೊಟ್ಟೆಯ ಹತ್ತಿರ ಹಿಡಿದು ಮೇಲಿನ ಪುಟ್ಟ ಕಿಂಡಿಯೊಳಗೆ ಬಗ್ಗಿ ನೋಡಬೇಕು. ಅದರಲ್ಲಿ ಎಡ ಬಲವಾಗಿ, ಬಲ ಎಡವಾಗಿ ಕಾಣುತ್ತದೆ. ನಾನು ಈ ಕಡೆ ಸರಿಯಿರಿ ಎಂದಾಗಲೆಲ್ಲ ಅವರು ಚೌಕಟ್ಟಿನಿಂದ ಹೊರಗೇ ಹೋದರು. ಮೊದಮೊದಲು ಅವ್ವ ನಡುವೆ ನಿಂತಳು. ನಾನು ಗದರಿ ಗದರಿ ಅವಳನ್ನು ತುದಿಗೆ ತಳ್ಳಿ ಇಬ್ಬರನ್ನೂ ಹತ್ತಿಸಿ ನಿಲ್ಲಿಸಿದೆ. ಟಕ್. ಕೀಲಿ ತಿರುವಿ, ಬೆನ್ನಿನ ಕೆಂಪು ಕಿಂಡಿಯಲ್ಲಿ ಮುಂದಿನ ನಂಬರು ತೇಲಿ ಬರುವುದನ್ನು ಕಾಯುವುದು. ಆ ನಂಬರು ಬಂದಾಗಿನ ಖುಷಿಯನ್ನು ಹೇಗೆ ಹೇಳಲಿ, ಬಾವಿಯೊಳಗೆ ಬಿದ್ದ ಕೊಡ ಮೇಲೆ ಬಂದ ಹಾಗೆ. ಟಕ್. ಮತ್ತೆ ಟಕ್. ಇಡೀ ಫಿಲ್ಮಿಗೆ ಎಂಟೇ ಫೋಟೋ. ಎಂಟು ಎಂಬ ಅಂಕಿ ಕಿಂಡಿಗೆ ಬಂದಾಗ ಚಿಕ್ಕವ್ವ ಸಾಲಿನಿಂದ ಹೊರಗೆ ಬಂದಳು.

"ಇದೊಂದು ನಾ ಒತ್ತತೇನಿ," ಎಂದಳು. ಹೇಳಿದ್ದು ನನಗಲ್ಲ, ಅಕ್ಕನಿಗೆ.

ಇದು ಕೊನೆಯದು, ನೀನಿಲ್ಲದೆ ಹೇಗೆ ಎಂದು ನಾನು ಬಾಯಿ ತೆಗೆಯುವುದರೊಳಗೆ ದೊಡ್ಡವ್ವ ಒತ್ತು ಎಂದುಬಿಟ್ಟಳು. ಚಿಕ್ಕವ್ವ ಕ್ಯಾಮೆರಾವನ್ನು ಎರಡೂ ಕೈಯಲ್ಲಿ ತೆಗೆದುಕೊಂಡಳು. ಬಾಯಿಯ ಹತ್ತಿರ ಹಿಡಿದು ಗಾಜಿಗೆ ಹಾ ಎಂದು ಉಸಿರು ಬಿಟ್ಟಳು. ಸೆರಗಿನಿಂದ ಒರೆಸಿದಳು. ಮತ್ತೆ ಉಸಿರು ಬಿಟ್ಟಳು, ಮತ್ತೆ ತಿಕ್ಕಿದಳು.

"ಪೂಜಿ ಮಾಡಿದ್ದು ಬೇ ಅದು," ಎಂದಳು ದೊಡ್ಡವ್ವ.

"ಅಪ್ಪ ಒರಸ್ತಿದ್ದ," ಎಂದು ಹೇಳಿ ಚಿಕ್ಕವ್ವ ಕಿಂಡಿಯೊಳಗೆ ಬಗ್ಗಿದಳು. ನಾನು ಮಾಡಿದ ತಪ್ಪನ್ನೇ ಮಾಡಿದಳು, ಎಡ ಎಂದು ಬಲಕ್ಕೆ ತಿರುಗಿದಳು, ನಾಲಿಗೆ ಕಚ್ಚಿಕೊಂಡಳು, ಉಸಿರು ಹಿಡಿದಳು. ಅರವತ್ತು ದಾಟಿದ ಹೆಂಗಸು. ಟಕ್.

ಫಿಲ್ಮನ್ನು ಪುಣೆಯ ಒಂದು ಲ್ಯಾಬಿಗೆ ಕೊರಿಯರ್ ಮಾಡಿದೆ. ರೀಲು ತಪ್ಪದೆ ವಾಪಸ್ ಕಳಿಸಿರಿ ಎಂದು ಪೊಟ್ಟಣದ ಮೇಲೂ ಒಳಗೂ ದಪ್ಪಕ್ಷರದಲ್ಲಿ ಬರೆದೆ. ಆಮೇಲಿನ ದಿನಗಳಲ್ಲಿ ನನ್ನ ಅವಸ್ಥೆ ಕೇಳಬೇಡಿ. ಬೋರ್ಡಿನ ಮೇಲೆ ಬೆಳಕಿನ ಪ್ರತಿಫಲನದ ಪಾಠ ಬರೆಯುತ್ತ ಮೊಬೈಲ್ ಗುಂಯ್‌ಗುಟ್ಟಿದರೆ ಸೀಮೆಸುಣ್ಣ ಕೈಯಿಂದ ಬೀಳುತ್ತಿತ್ತು.

ಚಿತ್ರಗಳು ಮೊಬೈಲಿಗೆ ಬಂದಾಗ ನಾನು ನರೋಣಾದ ಬಸ್ ನಿಲ್ದಾಣದಲ್ಲಿದ್ದೆ. ಮೊದಲನೆಯದು ತೆರೆದೆ. ಬರೀ ಮಂಜು. ಬಚ್ಚಲಿನ ಹಬೆಯ ಆಚೆ ನಿಂತವರ ಹಾಗೆ ಮೂರು ಬೆಳ್ಳನೆಯ ಆಕಾರ, ಮುಖವಿಲ್ಲ, ಕಣ್ಣಿಲ್ಲ. ಎರಡನೆಯದೂ ಹಾಗೇ. ಮೂರು, ನಾಲ್ಕು, ಏಳರ ತನಕ ಎಲ್ಲ ಹಾಗೇ. ಕತ್ತಲಲ್ಲಿ ಬೆವರು ಸುರಿಸಿ ಸುತ್ತಿದೆ, ರೀಲು ಹುಡುಕಿದೆ, ನಂಬರು ಕಾದೆ. ಗಾಜು ಒರೆಸಲಿಲ್ಲ. ಎಷ್ಟು ದಸರೆಗಳ ವಿಭೂತಿ, ಮೂರು ಬೆರಳಿನಿಂದ, ಮುಖದ ಮೇಲೆ, ಅಂದರೆ ಗಾಜಿನ ಮೇಲೆ. ಪೊರೆಯಂತೆ, ಪೊರೆ! ವಿಜ್ಞಾನ ಕಲಿಸುವ ನನ್ನ ತಲೆಯನ್ನು ನಾನೇ ಬಡಿದುಕೊಂಡೆ. ಅಳು ಬಂತು. ಅತ್ತೆ ಕೂಡ, ನಿಲ್ದಾಣದಲ್ಲಿ ಎಲ್ಲರ ಎದುರಿಗೇ.

ಎಂಟನೆಯದನ್ನು ಸುಮ್ಮನೆ ಬೆರಳು ಸರಿಸಿ ತೆರೆದೆ. ಬಾಗಿಲಿನ ಮೊಳೆ ಸಹ ಎಣಿಸಬಹುದು. ದೊಡ್ಡವ್ವನ ಸೀರೆಯ ಕರೆ, ಅವ್ವನ ಕೈಯ ಬಳೆ, ಹಿಂದಿನ ಗೋಡೆಯ ಸುಣ್ಣದ ಸೀಳು, ಎಲ್ಲ ಚೂರಿಯಿಂದ ಕೊರೆದಂತೆ. ಅವ್ವ ಅಕ್ಕನ ಮೊಣಕೈ ಹಿಡಿದಿದ್ದಾಳೆ. ದೊಡ್ಡವ್ವ ಬಾಯಿ ತುಂಬ ನಗುತ್ತಿದ್ದಾಳೆ. ನಮ್ಮ ದೊಡ್ಡವ್ವ ಫೋಟೋದಲ್ಲಿ ನಕ್ಕಿದ್ದನ್ನು ನಾನು ಕಂಡೇ ಇಲ್ಲ. ಆದರೆ ಚೌಕಟ್ಟಿನಲ್ಲಿ ಇರುವುದು ಇಬ್ಬರು. ನಾನು ಬೇಡಿದ್ದು ಮೂವರನ್ನು.

ರವಿವಾರ ಆ ಒಂದು ಫೋಟೋದ ಪ್ರಿಂಟನ್ನೂ ವಾಪಸ್ ಬಂದ ರೀಲನ್ನೂ ಹಿಡಿದು ಜೇವರ್ಗಿಗೆ ಹೋದೆ. ಉಳಿದವು ಯಾಕೆ ಕೆಟ್ಟವು ಎಂದು ಬಾಗಿಲಲ್ಲೇ ಹೇಳಿ ಮುಗಿಸಿದೆ. ನೀನಿರುವ ಫೋಟೋ ಒಂದೂ ಬರಲಿಲ್ಲ ಚಿಕ್ಕವ್ವ ಎಂದು ಪ್ರಿಂಟನ್ನು ಆಕೆಯ ಕೈಗಿಟ್ಟೆ. ಆಕೆ ಚಷ್ಮಾ ಹಾಕಿಕೊಂಡು ಫೋಟೋವನ್ನು ಬಿಸಿಲಿಗೆ ಹಿಡಿದಳು. ಬೆರಳಿನಿಂದ ದೊಡ್ಡವ್ವನ ಮುಖ ಸವರಿದಳು.

"ನೋಡ ಬೇ," ಎಂದಳು. "ಅಕ್ಕ ನನ್ನ ಕಡೀನ ನೋಡಾಕತ್ತಾಳ."

ಅಷ್ಟರಲ್ಲಿ ಅಫಜಲಪುರದಿಂದ ಫೋನು ಬಂತು. ದೊಡ್ಡವ್ವನಿಗೆ ಅವ್ವ ಮೊದಲೇ ಎಲ್ಲ ಹೇಳಿಬಿಟ್ಟಿದ್ದಳು. ದೊಡ್ಡವ್ವ ವಿಭೂತಿಯ ಮಾತು ಎತ್ತಲಿಲ್ಲ. ಕ್ಯಾಮೆರಾ ಇನ್ನು ಆಕಿಯ ಹತ್ತಿರವೇ ಇರಲಿ, ರೀಲೂ ಅಲ್ಲೇ ಇದೆ, ಒರೆಸುವುದೂ ಆಕಿಗೇ ಗೊತ್ತು, ಬಂದು ಒಯ್ಯಲಿ ಎಂದಳು. ನಾನು ಸ್ಪೀಕರ್ ಹಾಕಿದ್ದೆ. ಎಷ್ಟೋ ವರ್ಷ ಮಾತು ಬಿಟ್ಟದ್ದು ಯಾವ ಡಬ್ಬಿಗೋ, ಆ ಡಬ್ಬಿ ಒಂದು ಫೋನಿನಲ್ಲಿ ಕೈಗೆ ಬಂದಿತ್ತು. ಚಿಕ್ಕವ್ವ ರೀಲನ್ನು ದಾರದ ಡಬ್ಬಿಗೆ ಹಾಕಿ ಮುಚ್ಚಳ ಒತ್ತಿದಳು. ದಾರ ಸುತ್ತಲಿಲ್ಲ.

"ಬ್ಯಾಡ ಅಕ್ಕ," ಎಂದಳು ಫೋನಿಗೆ. "ಕ್ಯಾಮೆರಾ ಅಲ್ಲೇ ಇರ್ಲಿ, ರೀಲ್ ಇಲ್ಲಿರ್ಲಿ. ಬರಾಕ ನನಗೊಂದು ನೆವ ಬೇಕಲ್ಲ."